ಲಸಿಕೆಯ ಪ್ರೋಟೀನು ನೆಟ್ಟಗಿದೆಯಾ? ಆಂಟಿಬಾಡಿ ಪರೀಕ್ಷೆಗಳಲ್ಲಿ ಯಾವುದನ್ನು ಆರಿಸಬೇಕು

ಎರಡು ವಯಲ್ ತಗೊಳ್ಳಿ. ಎರಡರಲ್ಲೂ ಇರುವುದು ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ಸಿನ ಎಫ್ ಪ್ರೋಟೀನು. ಒಂದನ್ನು ಫ್ರಿಜ್ಜಿನಲ್ಲೇ ಬಿಡಿ. ಇನ್ನೊಂದನ್ನು ಸ್ವಲ್ಪ ಹೊತ್ತು ಬಿಸಿಯಲ್ಲಿಟ್ಟು ತಣಿಸಿ. ಈಗ ಎರಡರಲ್ಲೂ ಪ್ರೋಟೀನ್ ಎಷ್ಟಿದೆ ಅಂತ 280 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದರೆ ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ. ಪಾಲಿವಿಜುಮ್ಯಾಬ್ ಎಂಬ ಆಂಟಿಬಾಡಿ ಹಾಕಿ ನೋಡಿದರೆ ಅದೂ ಎರಡಕ್ಕೂ ಅಂಟುತ್ತದೆ. ಆಮೇಲೆ ಡಿ25 ಎಂಬ ಇನ್ನೊಂದು ಆಂಟಿಬಾಡಿ ಹಾಕಿ. ಫ್ರಿಜ್ಜಿನ ವಯಲ್‌ಗೆ ಗಟ್ಟಿಯಾಗಿ ಅಂಟುತ್ತದೆ. ಬಿಸಿಯಾದ ವಯಲನ್ನು ಮೂಸಿಯೂ ನೋಡುವುದಿಲ್ಲ.

ಕಾರಣ ಸರಳ. ಎಫ್ ಪ್ರೋಟೀನಿಗೆ ಎರಡು ಆಕಾರ ಇವೆ. ವೈರಸ್ಸು ಜೀವಕೋಶದೊಳಗೆ ನುಗ್ಗುವ ಮೊದಲಿನ ಆಕಾರ ಒಂದು, ಅದಕ್ಕೆ ಪ್ರೀಫ್ಯೂಷನ್ ಅಂತಾರೆ. ನುಗ್ಗಿದ ಮೇಲಿನದು ಪೋಸ್ಟ್‌ಫ್ಯೂಷನ್. ಸ್ಪ್ರಿಂಗ್ ಥರ ಒಮ್ಮೆ ಬಿಚ್ಚಿಕೊಂಡರೆ ಮತ್ತೆ ಮಡಚಿಕೊಳ್ಳುವುದಿಲ್ಲ. ಪಾಲಿವಿಜುಮ್ಯಾಬ್ ಹಿಡಿಯುವ ಜಾಗ ಎರಡೂ ಆಕಾರಗಳಲ್ಲಿ ಇದೆ. ಡಿ25 ಹಿಡಿಯುವ ಜಾಗ ಪ್ರೋಟೀನಿನ ತುದಿಯಲ್ಲಿದೆ, ಸ್ಪ್ರಿಂಗ್ ಬಿಚ್ಚಿದ ತಕ್ಷಣ ಮಾಯ. ಈ ಪ್ರೀಫ್ಯೂಷನ್ ಆಕಾರದ ರಚನೆ 2013ರಲ್ಲಿ ಬಯಲಾಯಿತು. ಅದೇ ಆಕಾರವನ್ನು ಕಟ್ಟಿಹಾಕಿ ಮಾಡಿದ ಲಸಿಕೆಗಳಿಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ.

ಈ ಎರಡು ವಯಲ್‌ಗಳ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ರೀಕಾಂಬಿನಂಟ್ ಲಸಿಕೆಯ (ವೈರಸ್ಸಿನ ಜೀನನ್ನು ಬೇರೆ ಕೋಶಕ್ಕೆ ಹಾಕಿ ಮಾಡಿಸಿದ ಪ್ರೋಟೀನಿನ ಲಸಿಕೆ) ಗುಣಮಟ್ಟ ನೋಡಲು ಎಲೈಸಾ (ಆಂಟಿಬಾಡಿ ಅಂಟಿದ್ದನ್ನು ಬಣ್ಣದಿಂದ ತೋರಿಸುವ ಪರೀಕ್ಷೆ) ಒಳ್ಳೆಯದಾ, ಎಸ್‌ಪಿಆರ್ (ಅಂಟುತ್ತಿರುವುದನ್ನು ಆಗಿಂದಾಗಲೇ ತೋರಿಸುವ ಯಂತ್ರ) ಒಳ್ಳೆಯದಾ ಅಂತ ತುಂಬ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಯಾವ ಆಂಟಿಬಾಡಿ ಅನ್ನೋದು ಮೊದಲನೆಯದು. ತಪ್ಪು ಆಂಟಿಬಾಡಿ ಇಟ್ಟುಕೊಂಡು ಎಷ್ಟೇ ದುಬಾರಿ ಯಂತ್ರ ತಂದರೂ ಅದು ಕೆಟ್ಟ ಬ್ಯಾಚನ್ನು ಒಳ್ಳೆಯದು ಅಂತಲೇ ಹೇಳುತ್ತದೆ, ಅದೂ ಮೂರು ದಶಮಾಂಶ ಸ್ಥಾನದವರೆಗೆ.

ಮೊದಲು ಆಂಟಿಬಾಡಿ: ಮೋನೋಕ್ಲೋನಲ್ಲಾ, ಪಾಲಿಕ್ಲೋನಲ್ಲಾ?

ಆಂಟಿಬಾಡಿ, ಅಂದರೆ ಪ್ರತಿಕಾಯ, ಇಡೀ ಪ್ರೋಟೀನನ್ನು ಗುರುತಿಸುವುದಿಲ್ಲ. ಅದರ ಮೇಲಿನ ಒಂದು ಚಿಕ್ಕ ಜಾಗವನ್ನು ಗುರುತಿಸುತ್ತದೆ. ಆ ಜಾಗಕ್ಕೆ ಎಪಿಟೋಪ್ ಅಂತ ಹೆಸರು. ಕೆಲವು ಎಪಿಟೋಪ್‌ಗಳು ಸರಪಳಿಯ ಒಂದೇ ತುಂಡಿನಲ್ಲಿ ಸಾಲಾಗಿ ಇರುತ್ತವೆ. ಪ್ರೋಟೀನು ಬಿಚ್ಚಿಹೋದರೂ ಅವು ಉಳಿಯುತ್ತವೆ. ಇನ್ನು ಕೆಲವು, ಸರಪಳಿ ಸರಿಯಾಗಿ ಮಡಚಿಕೊಂಡಾಗ ಮಾತ್ರ ಹುಟ್ಟುತ್ತವೆ. ದೂರದ ಎರಡು ತುಂಡುಗಳು ಪಕ್ಕಪಕ್ಕ ಬಂದರೆ ತಾನೇ ಆ ಜಾಗ ಉಂಟಾಗುವುದು? ಲಸಿಕೆಯ ತಾಕತ್ತು ನೋಡಲು ಬೇಕಾಗುವುದು ಸಾಮಾನ್ಯವಾಗಿ ಈ ಎರಡನೇ ಜಾತಿ.

ಹೆಪಟೈಟಿಸ್ ಬಿ ಲಸಿಕೆ ಇದಕ್ಕೆ ಹಳೆಯ ಉದಾಹರಣೆ. 1986ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಯೀಸ್ಟ್‌ನ ಲಸಿಕೆ ಮನುಷ್ಯರಿಗಾಗಿ ಬಂದ ಮೊದಲ ರೀಕಾಂಬಿನಂಟ್ ಲಸಿಕೆ. ಅದರ ಪ್ರೋಟೀನು ತಾನೇ ತಾನಾಗಿ ಸುಮಾರು 22 ನ್ಯಾನೋಮೀಟರ್ ಅಗಲದ ಕಣಗಳಾಗಿ ಕೂಡಿಕೊಳ್ಳುತ್ತದೆ. ಆ ಕಣದ ಮೇಲೆ ‘ಎ’ ಡಿಟರ್ಮಿನಂಟ್ ಎಂಬ ಜಾಗ ಇದೆ. ರಕ್ಷಣೆ ಕೊಡುವ ಆಂಟಿಬಾಡಿಗಳು ಮುಖ್ಯವಾಗಿ ಅಲ್ಲಿಗೇ ಬಂದು ಅಂಟುವುದು. ಗಂಧಕದ ಕೊಂಡಿಗಳು ಹಿಡಿದುಕೊಂಡಿರುವುದರಿಂದಲೇ ಆ ಜಾಗಕ್ಕೆ ಆಕಾರ. ಕೊಂಡಿ ಬಿಚ್ಚುವ ರಾಸಾಯನಿಕ ಹಾಕಿದರೆ ಪ್ರೋಟೀನಿನ ತೂಕ ಅಷ್ಟೇ ಇರುತ್ತದೆ, ‘ಎ’ ಡಿಟರ್ಮಿನಂಟ್ ಹಾಳಾಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಲಸಿಕೆಯಲ್ಲೂ ಇದೇ ಕಥೆ. ಎಲ್1 ಪ್ರೋಟೀನಿನ 360 ಪ್ರತಿಗಳು ಸೇರಿ, ಐದೈದರ 72 ಗುಂಪುಗಳಾಗಿ, ವೈರಸ್ಸಿನಂಥ ಟೊಳ್ಳು ಚೆಂಡು ಕಟ್ಟುತ್ತವೆ. 16ನೇ ಟೈಪ್‌ಗೆ ವಿ5 ಎಂಬ ಪ್ರಸಿದ್ಧ ಮೋನೋಕ್ಲೋನಲ್ (ಒಂದೇ ಎಪಿಟೋಪ್ ಹಿಡಿಯುವ, ಒಂದೇ ಬಗೆಯ ಆಂಟಿಬಾಡಿ) ಇದೆ. ಅದು ಆಕಾರ ನೋಡಿ ಅಂಟುತ್ತದೆ, ವೈರಸ್ಸನ್ನು ತಡೆಯುತ್ತದೆ ಕೂಡ. ಇಂಥ ಆಂಟಿಬಾಡಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪಾಲಿಕ್ಲೋನಲ್ ಅಂದರೆ ಪ್ರಾಣಿಯ ರಕ್ತದಿಂದ ತೆಗೆದ ಆಂಟಿಬಾಡಿಗಳ ಗುಂಪು. ಹತ್ತಾರು ಎಪಿಟೋಪ್‌ಗಳನ್ನು ಒಟ್ಟಿಗೇ ಹಿಡಿಯುತ್ತದೆ. ಸಿಗ್ನಲ್ ಜೋರು, ತಯಾರಿ ಸುಲಭ. ಆದರೆ ಒಂದು ಮುಖ್ಯ ಎಪಿಟೋಪ್ ಕಳೆದುಹೋದರೂ ಉಳಿದವು ಸೇರಿ ಅದನ್ನು ಮುಚ್ಚಿಹಾಕುತ್ತವೆ. ಸಂತೆಯಲ್ಲಿ ಒಬ್ಬರು ಸುಮ್ಮನಾದರೆ ಯಾರಿಗೆ ಗೊತ್ತಾಗುತ್ತದೆ? ಇನ್ನೊಂದು ತೊಂದರೆ ಅಂದರೆ, ಆ ಪ್ರಾಣಿ ಸತ್ತರೆ ಆ ಸೀರಂ (ಆಂಟಿಬಾಡಿ ಇರುವ ರಕ್ತದ ತಿಳಿ) ಕೂಡ ಮುಗಿಯಿತು. ಬೇರೆ ಪ್ರಾಣಿಯ ಸೀರಂ ಬೇರೆಯೇ ಮಿಶ್ರಣ.

ಹಾಗಂತ ಪಾಲಿಕ್ಲೋನಲ್ ಬೇಡವೇ ಬೇಡ ಅಂತಲ್ಲ. ಯೀಸ್ಟ್, ಕೀಟಕೋಶ, ಬ್ಯಾಕ್ಟೀರಿಯಾಗಳಲ್ಲಿ ಲಸಿಕೆ ಬೆಳೆಸಿದಾಗ ಅವುಗಳದ್ದೇ ಪ್ರೋಟೀನುಗಳು ಚೂರುಪಾರು ಜೊತೆಗೆ ಬರುತ್ತವೆ. ಸಾವಿರಾರು ಬಗೆಯ ಆ ಕಸವನ್ನು ಹಿಡಿಯಲು ಒಂದೇ ಎಪಿಟೋಪ್ ನೋಡುವ ಮೋನೋಕ್ಲೋನಲ್ ಏನೂ ಸಾಲದು. ಅಲ್ಲಿ ಪಾಲಿಕ್ಲೋನಲ್ಲೇ ರಾಜ. ಪ್ರೋಟೀನನ್ನು ಎರಡು ಆಂಟಿಬಾಡಿಗಳ ನಡುವೆ ಹಿಡಿಯುವ ಸ್ಯಾಂಡ್‌ವಿಚ್ ಪರೀಕ್ಷೆಯಲ್ಲಿ ಕೆಳಗೆ ಮೋನೋಕ್ಲೋನಲ್, ಮೇಲೆ ಪಾಲಿಕ್ಲೋನಲ್ ಇಡುವ ಜಾಣತನವೂ ಬಳಕೆಯಲ್ಲಿದೆ. ಆಕಾರ ನೋಡುವ ಕೆಲಸ ಕೆಳಗಿನವನದು, ಜೋರಾಗಿ ಕೂಗುವ ಕೆಲಸ ಮೇಲಿನವನದು.

ಮೋನೋಕ್ಲೋನಲ್ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಕೊಟ್ಟರು, 1984ರಲ್ಲಿ ನೊಬೆಲ್ ಪಡೆದರು. ಅಂದಿನಿಂದ ಹೈಬ್ರಿಡೋಮಾ ಕೋಶಗಳೇ (ಆಂಟಿಬಾಡಿ ಮಾಡುವ ಕೋಶವನ್ನು ಕ್ಯಾನ್ಸರ್ ಕೋಶಕ್ಕೆ ಬೆಸೆದಂಥವು) ಆಂಟಿಬಾಡಿ ಕಾರ್ಖಾನೆ. ಆದರೆ ಆ ಕೋಶಗಳೂ ಕೈಕೊಡುತ್ತವೆ. ಬೆಳೆಸುತ್ತಾ ಬೆಳೆಸುತ್ತಾ ಆಂಟಿಬಾಡಿ ಮಾಡುವುದನ್ನೇ ನಿಲ್ಲಿಸಿಬಿಡಬಹುದು. ಹತ್ತು ಹದಿನೈದು ವರ್ಷ ನಡೆಸಬೇಕಾದ ಪರೀಕ್ಷೆ ಅಂದರೆ ಆಂಟಿಬಾಡಿಯ ಜೀನ್ ಅನುಕ್ರಮ ಬರೆದಿಟ್ಟುಕೊಂಡು, ಅದನ್ನೂ ರೀಕಾಂಬಿನಂಟ್ ಆಗಿಯೇ ಮಾಡಿಸಿಕೊಳ್ಳುವುದು ಕ್ಷೇಮ. ಮಾರುಕಟ್ಟೆಯಲ್ಲಿ ಸಿಗುವ ಕಿಟ್ ನಂಬಿಕೊಂಡು ಪೊಟೆನ್ಸಿ, ಅಂದರೆ ತಾಕತ್ತಿನ ಪರೀಕ್ಷೆ ಕಟ್ಟುವುದು ನನಗಂತೂ ಇಷ್ಟವಿಲ್ಲ. ಅದರೊಳಗಿನ ಆಂಟಿಬಾಡಿ ಯಾವುದು ಅಂತ ಅವರು ಹೇಳುವುದಿಲ್ಲ. ಕಿಟ್ ನಿಲ್ಲಿಸುವ ಮುಂಚೆ ನಿಮ್ಮನ್ನು ಕೇಳುವುದೂ ಇಲ್ಲ.

ಆರಿಸುವಾಗ ಮಾಡಬೇಕಾದ ಒಂದು ಕೆಲಸ: ಬೇಕಂತಲೇ ಲಸಿಕೆ ಕೆಡಿಸಿ. ಒಂದು ಪಾಲನ್ನು ಬಿಸಿ ಮಾಡಿ, ಒಂದಕ್ಕೆ ಕೊಂಡಿ ಬಿಚ್ಚುವ ರಾಸಾಯನಿಕ ಹಾಕಿ, ಒಂದನ್ನು ಬೆಳಕಿನಲ್ಲಿಡಿ, ಒಂದನ್ನು ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿ. ಕೈಯಲ್ಲಿರುವ ಆಂಟಿಬಾಡಿಗಳನ್ನೆಲ್ಲ ಇವುಗಳ ಮೇಲೆ ಓಡಿಸಿ. ಯಾವುದರ ಸಿಗ್ನಲ್ ಬೀಳುತ್ತದೋ ಅದು ಕೆಲಸದ್ದು. ಎಲ್ಲದಕ್ಕೂ ಚೆನ್ನಾಗಿ ಅಂಟುವ ಆಂಟಿಬಾಡಿ ನೋಡಲು ಚೆಂದ, ಗ್ರಾಫ್ ಅಚ್ಚುಕಟ್ಟು, ಉಪಯೋಗ ಮಾತ್ರ ಕಮ್ಮಿ. ತಮಾಷೆ ಅಂದರೆ, ಉಲ್ಟಾ ಆಂಟಿಬಾಡಿಯೂ ಕೆಲಸಕ್ಕೆ ಬರುತ್ತದೆ. ಕೊರೊನಾ ವೈರಸ್ಸಿನ ಸ್ಪೈಕ್‌ನಲ್ಲಿ ಸಿಆರ್3022 ಎಂಬ ಆಂಟಿಬಾಡಿ ಹಿಡಿಯುವ ಜಾಗ, ಸ್ಪೈಕ್ ಮುಚ್ಚಿಕೊಂಡಿದ್ದಾಗ ಒಳಗೆ ಅಡಗಿರುತ್ತದೆ. ಇಂಥ ಜಾಗಕ್ಕೆ ಸಿಗ್ನಲ್ ಏರಿತು ಅಂದರೆ ಪ್ರೋಟೀನು ಸಡಿಲವಾಗಿ ಬಾಯಿ ಬಿಡುತ್ತಿದೆ ಅಂತ ಅನುಮಾನ ಪಡಬಹುದು. ಆದರೆ ಸ್ಪೈಕ್‌ನ ಆರ್‌ಬಿಡಿ ತುಂಡನ್ನಷ್ಟೇ (ಜೀವಕೋಶಕ್ಕೆ ಅಂಟುವ ಭಾಗ) ಬಳಸುವ ಲಸಿಕೆಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಆ ಜಾಗ ಯಾವಾಗಲೂ ಹೊರಗೇ ಇರುತ್ತದೆ.

ಎಲೈಸಾ: ಹಳೆಯದು, ಆದರೂ ಮೊದಲ ಆಯ್ಕೆ

1971ರಲ್ಲಿ ಸ್ವೀಡನ್ ಮತ್ತು ನೆದರ್‌ಲ್ಯಾಂಡ್ಸ್‌ನ ಎರಡು ತಂಡಗಳು ಬೇರೆಬೇರೆಯಾಗಿ ಈ ವಿಧಾನ ಪ್ರಕಟಿಸಿದವು. ಐವತ್ತು ವರ್ಷ ದಾಟಿದರೂ ಬ್ಯಾಚ್ ಬಿಡುಗಡೆಯ (ಪ್ರತಿ ಬ್ಯಾಚನ್ನು ಪರೀಕ್ಷಿಸಿ ಬಳಕೆಗೆ ಬಿಡುವ) ಲ್ಯಾಬ್‌ಗಳಲ್ಲಿ ಇದರದ್ದೇ ದರ್ಬಾರು. ಅಗ್ಗ, ಗೊತ್ತಿರುವವರು ಜಾಸ್ತಿ, ಒಂದು ಲ್ಯಾಬ್‌ನಿಂದ ಇನ್ನೊಂದಕ್ಕೆ ದಾಟಿಸುವುದೂ ಸಲೀಸು. ಆದರೆ ಎಲೈಸಾ ಅಂದರೆ ಒಂದೇ ಅಲ್ಲ, ಮೂರು ಇವೆ.

ನೇರ ಎಲೈಸಾದಲ್ಲಿ ಲಸಿಕೆಯ ಪ್ರೋಟೀನನ್ನೇ ಪ್ಲಾಸ್ಟಿಕ್ ತಟ್ಟೆಗೆ ಅಂಟಿಸುತ್ತೇವೆ. ಸುಲಭ ಹೌದು. ಆದರೆ ಪ್ಲಾಸ್ಟಿಕ್ಕಿಗೆ ಅಂಟುವಾಗ ಪ್ರೋಟೀನು ಚಪ್ಪಟೆಯಾಗಿ ಆಕಾರ ಕಳೆದುಕೊಳ್ಳಬಹುದು. ಆಕಾರ ನೋಡಬೇಕು ಅಂತ ಹೊರಟು, ಆಕಾರ ಕೆಡಿಸಿ ನೋಡಿದಂತೆ. ಹುಡುಕಾಟದ ಹಂತಕ್ಕೆ ಪರವಾಗಿಲ್ಲ, ಬ್ಯಾಚ್ ಬಿಡುಗಡೆಗೆ ನಾನು ಆರಿಸುವುದಿಲ್ಲ.

ಸ್ಯಾಂಡ್‌ವಿಚ್‌ನಲ್ಲಿ ತಟ್ಟೆಗೆ ಅಂಟುವುದು ಆಂಟಿಬಾಡಿ. ಅದು ದ್ರಾವಣದಲ್ಲಿರುವ ಪ್ರೋಟೀನನ್ನು ಹಿಡಿಯುತ್ತದೆ, ಮೇಲಿಂದ ಇನ್ನೊಂದು ಆಂಟಿಬಾಡಿ ಬಂದು ಕೂರುತ್ತದೆ. ಪ್ರೋಟೀನು ಪ್ಲಾಸ್ಟಿಕ್ಕನ್ನು ಮುಟ್ಟುವುದೇ ಇಲ್ಲ. ಇಲ್ಲೊಂದು ಸೊಗಸಾದ ಉಪಾಯ ಇದೆ. ಕಣಗಳಾಗಿ ಕೂಡಿಕೊಳ್ಳುವ ಲಸಿಕೆಯಾದರೆ ಕೆಳಗೂ ಮೇಲೂ ಒಂದೇ ಮೋನೋಕ್ಲೋನಲ್ ಬಳಸಬಹುದು. ಇಡೀ ಕಣದಲ್ಲಿ ಅದೇ ಎಪಿಟೋಪ್ ನೂರಾರು ಸಲ ಇರುತ್ತದೆ. ಹಾಗಾಗಿ ಎರಡೂ ಕಡೆ ಹಿಡಿಯಲು ಜಾಗ ಇದೆ. ಬಿಡಿಬಿಡಿಯಾದ ಒಂಟಿ ಪ್ರೋಟೀನಿನಲ್ಲಿ ಆ ಜಾಗ ಒಂದೇ. ಕೆಳಗಿನವನು ಹಿಡಿದರೆ ಮೇಲಿನವನಿಗೆ ಏನೂ ಉಳಿಯುವುದಿಲ್ಲ. ಕಣ ಒಡೆದರೆ ಸಿಗ್ನಲ್ ತಾನಾಗಿ ಬೀಳುತ್ತದೆ.

ಸ್ಯಾಂಡ್‌ವಿಚ್‌ನ ಕುತ್ತು ಹುಕ್ ಎಫೆಕ್ಟ್. ಹಿಡಿಯುವ, ತೋರಿಸುವ ಆಂಟಿಬಾಡಿಗಳನ್ನು ಒಟ್ಟಿಗೇ ಹಾಕಿದಾಗ ಇದು ಜಾಸ್ತಿ. ಪ್ರೋಟೀನು ಮಿತಿಮೀರಿದರೆ ಎರಡೂ ಬೇರೆಬೇರೆ ಕಣಗಳನ್ನು ಹಿಡಿದುಕೊಂಡು ಕೂರುತ್ತವೆ. ಸೇತುವೆ ಆಗುವುದೇ ಇಲ್ಲ, ಸಿಗ್ನಲ್ ಏರುವ ಬದಲು ಇಳಿಯುತ್ತದೆ. ಒಂದೇ ತೆಳುಪು (ಸ್ಯಾಂಪಲ್ಲನ್ನು ಒಂದೇ ಮಟ್ಟಕ್ಕೆ ತೆಳುಮಾಡಿದ್ದು) ಓಡಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಏಳೆಂಟು ತೆಳುಪುಗಳ ಸಾಲು ಮಾಡಿ.

ಮೂರನೆಯದು ಪೈಪೋಟಿ ಎಲೈಸಾ, ಇನ್‌ಹಿಬಿಷನ್ ಅಂತಲೂ ಕರೆಯುತ್ತಾರೆ. ಲಸಿಕೆಯನ್ನೂ ಗೊತ್ತಿರುವಷ್ಟು ಆಂಟಿಬಾಡಿಯನ್ನೂ ಟ್ಯೂಬಿನಲ್ಲಿ ಕಲಸಿಡುತ್ತೇವೆ. ಎಷ್ಟು ಆಂಟಿಬಾಡಿ ಖರ್ಚಾಗದೆ ಉಳಿಯಿತು ಅಂತ ತಟ್ಟೆಯಲ್ಲಿ ಅಳೆಯುತ್ತೇವೆ. ಲಸಿಕೆ ಚೆನ್ನಾಗಿದ್ದಷ್ಟೂ ಬಣ್ಣ ಕಮ್ಮಿ. ಚಿಕ್ಕ ಪ್ರೋಟೀನಿನ ಮೇಲೆ ಎರಡು ಆಂಟಿಬಾಡಿ ಒಟ್ಟಿಗೆ ಕೂರಲು ಜಾಗವಿಲ್ಲದಿದ್ದಾಗ ಇದೇ ದಾರಿ. ಇನ್ನೊಂದು ದೊಡ್ಡ ಉಪಯೋಗವೂ ಇದೆ, ಅಲ್ಯೂಮಿನಿಯಂ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಎಲೈಸಾ ತಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದರೆ ಅರ್ಧ ಜಗಳ ಹುಟ್ಟುವುದು ಇಲ್ಲೇ. 8 ಅಡ್ಡಸಾಲು, 12 ಉದ್ದಸಾಲು, ಒಟ್ಟು 96 ಗುಂಡಿಗಳು. ಕೊನೆಯಲ್ಲಿ ಟಿಎಂಬಿ ಎಂಬ ಬಣ್ಣ ಬರಿಸುವ ರಾಸಾಯನಿಕ ಹಾಕಿದಾಗ ಗುಂಡಿಗಳು ತಿಳಿ ನೀಲಿಯಿಂದ ಕಡು ನೀಲಿಗೆ ತಿರುಗುತ್ತವೆ. ಆಮ್ಲ ಹಾಕಿದ ಕ್ಷಣ ಎಲ್ಲ ಹಳದಿ, ಆಗ 450 ನ್ಯಾನೋಮೀಟರ್‌ನಲ್ಲಿ ಓದಬೇಕು. ಮೊದಲ ಸಾಲಿಗೂ ಕೊನೆಯ ಸಾಲಿಗೂ ಟಿಎಂಬಿ ಹಾಕುವುದರಲ್ಲಿ ಅರ್ಧ ನಿಮಿಷದ ವ್ಯತ್ಯಾಸ ಇದ್ದರೆ ಆಮ್ಲ ಹಾಕುವಾಗಲೂ ಅದೇ ಕ್ರಮ, ಅದೇ ವ್ಯತ್ಯಾಸ ಇರಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಇನ್‌ಕ್ಯುಬೇಟರ್‌ನಲ್ಲಿಟ್ಟರೆ ಅಂಚಿನ ಗುಂಡಿಗಳು ಬೇಗ ಬಿಸಿಯಾಗುತ್ತವೆ, ನಡುವಿನವು ತಡ. ಆಗ ಅಂಚಿನಲ್ಲಿ ಕೂತ ಲಸಿಕೆಗೆ ಸುಮ್ನೆ ಪುಕ್ಕಟೆ ಅಂಕ. ಅದಕ್ಕೇ ರೆಫರೆನ್ಸ್ (ಹೋಲಿಕೆಗೆ ಇಟ್ಟ ಲಸಿಕೆ) ಮತ್ತು ಸ್ಯಾಂಪಲ್ ಜಾಗವನ್ನು ತಟ್ಟೆಯಿಂದ ತಟ್ಟೆಗೆ ಬದಲಿಸುತ್ತಿರಬೇಕು.

ಒಂದು ಸಲ ನಮ್ಮ ಬೆಂಚಿನಲ್ಲಿ ಸ್ಥಿರತೆ ಪರೀಕ್ಷೆಯ ಅಂಕಗಳು ಇದ್ದಕ್ಕಿದ್ದ ಹಾಗೆ ಇಳಿದವು. ಲಸಿಕೆ ಕೆಡುತ್ತಿದೆ ಅಂತ ಎಲ್ಲರ ಮುಖ ಸಪ್ಪೆ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕೆಟ್ಟಿದ್ದು ಲಸಿಕೆಯಲ್ಲ. ಬಣ್ಣ ತೋರಿಸುವ ಆಂಟಿಬಾಡಿಯ ಹೊಸ ಲಾಟ್ ಬಂದಿತ್ತು. ಹಳೆಯದರ ಜೊತೆ ಅಕ್ಕಪಕ್ಕ ಓಡಿಸಿ ನೋಡದೆ ಬಳಸಿದ್ದೆವು. ಅವತ್ತಿಂದ ಹಳೆ ಲಾಟ್‌ನ ಕೊನೆಯ ಕೆಲವು ಟ್ಯೂಬ್‌ಗಳನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಎಸ್‌ಪಿಆರ್ ಮತ್ತು ಬಿಎಲ್‌ಐ: ಅಂಟುವುದನ್ನು ಕಣ್ಣಾರೆ ನೋಡುವುದು

ಎಲೈಸಾ ಕೊಡುವುದು ಕೊನೆಯ ಫೋಟೋ. ಇವು ಕೊಡುವುದು ವಿಡಿಯೋ. ಎಸ್‌ಪಿಆರ್‌ನಲ್ಲಿ ಚಿನ್ನದ ತೆಳು ಪದರದ ಚಿಪ್ ಮೇಲೆ ಆಂಟಿಬಾಡಿ ಕೂರಿಸಿ, ಲಸಿಕೆಯ ದ್ರಾವಣ ಹರಿಸುತ್ತೇವೆ. ಪ್ರೋಟೀನು ಅಂಟುತ್ತಿದ್ದಂತೆ ಗೆರೆ ಏರುತ್ತದೆ, ಬಿಡುತ್ತಿದ್ದಂತೆ ಇಳಿಯುತ್ತದೆ. ಬಣ್ಣ, ಕಿಣ್ವ ಏನೂ ಬೇಡ. 1990ರಿಂದ ಇದರ ಯಂತ್ರ ಮಾರುಕಟ್ಟೆಯಲ್ಲಿದೆ. ಬಿಎಲ್‌ಐಯಲ್ಲಿ ಹರಿಸುವ ಕೊಳವೆಗಳಿಲ್ಲ. ಸೂಜಿಯಂಥ ಸೆನ್ಸರ್ ತುದಿಯನ್ನು ಗುಂಡಿಗಳಲ್ಲಿ ಅದ್ದುತ್ತಾ ಹೋಗುವುದಷ್ಟೇ. ಕಲಬೆರಕೆ ದ್ರಾವಣವನ್ನೂ ತಡೆದುಕೊಳ್ಳುತ್ತದೆ. ಹಾಗಾಗಿ ತಯಾರಿಕೆಯ ನಡುವೆ ಬೇಗ ಒಂದು ಉತ್ತರ ಬೇಕಾದರೆ ಬಿಎಲ್‌ಐ ಚೆನ್ನ. ಸೂಕ್ಷ್ಮ ವ್ಯತ್ಯಾಸಕ್ಕೆ ಎಸ್‌ಪಿಆರ್ ಮೇಲು.

ವಿಡಿಯೋ ನೋಡಲು ತಾಳ್ಮೆ ಬೇಕು. ಒಂದು ಒಳ್ಳೆಯ ಆಂಟಿಬಾಡಿ ಬಿಡುವ ವೇಗ ಸೆಕೆಂಡಿಗೆ 0.0001 ಅಂತಿಟ್ಟುಕೊಳ್ಳಿ. ಅಂಟಿದ್ದರಲ್ಲಿ ಅರ್ಧ ಬಿಡಲು ಸುಮಾರು 1 ಗಂಟೆ 55 ನಿಮಿಷ ಬೇಕು. 5 ನಿಮಿಷ ನೋಡಿದರೆ ಬಿಟ್ಟಿರುವುದು ಬರೀ 3 ಶೇಕಡಾ. ಯಂತ್ರದ ಗೆರೆಯೇ ಅಷ್ಟು ಅಲುಗಾಡುತ್ತಿರುತ್ತದೆ. ಆ 5 ನಿಮಿಷದ ಗೆರೆ ನೋಡಿ ಎರಡು ಬ್ಯಾಚ್‌ಗಳ ಬಿಡುವ ವೇಗ ಬೇರೆ ಅಂತ ವರದಿ ಬರೆಯುವವರನ್ನು ನೋಡಿದ್ದೇನೆ. ಕಣದ ಲಸಿಕೆಗಳಲ್ಲಿ ಇನ್ನೊಂದು ಗೊಂದಲ. ಒಂದು ಕಣ ಚಿಪ್‌ನ ಹತ್ತು ಆಂಟಿಬಾಡಿಗಳನ್ನು ಒಟ್ಟಿಗೆ ಹಿಡಿದರೆ ಬಿಡುವುದೇ ಇಲ್ಲ. ಅಲ್ಲಿ ಬಿಡುವ ವೇಗದ ಲೆಕ್ಕಕ್ಕೆ ಅರ್ಥವಿಲ್ಲ, ಎಷ್ಟು ಅಂಟಿತು ಅನ್ನುವುದನ್ನಷ್ಟೇ ನಂಬಿ.

ಎಸ್‌ಪಿಆರ್ ಯಾವಾಗ ಆರಿಸಬೇಕು? ಆಂಟಿಬಾಡಿಗಳನ್ನು ಜರಡಿ ಹಿಡಿಯುವಾಗ, ಯಾವ ಎರಡು ಆಂಟಿಬಾಡಿ ಒಟ್ಟಿಗೆ ಕೂರುತ್ತವೆ ಅಂತ ತಿಳಿಯಬೇಕಾದಾಗ, ತಯಾರಿಕೆ ವಿಧಾನ ಬದಲಾಗಿ ಹಳೆಯ ಪ್ರೋಟೀನಿಗೂ ಹೊಸದಕ್ಕೂ ಹೋಲಿಕೆ ತೋರಿಸಬೇಕಾದಾಗ. ದಿನಾ ಹತ್ತು ಬ್ಯಾಚ್ ಬಿಡುಗಡೆಗೂ ಬಳಸಬಹುದು, ಆದರೆ ಯಂತ್ರ ದುಬಾರಿ, ಚಿಪ್ ದುಬಾರಿ. ಪ್ರತಿ ಸಲ ಚಿಪ್ ತೊಳೆದು ಮರುಬಳಸುವಾಗ ಆಂಟಿಬಾಡಿ ಸವೆಯುತ್ತದೆ. ಯಂತ್ರ ಕೆಟ್ಟರೆ ಬಿಡುಗಡೆಯೂ ನಿಂತಿತು.

ಉಳಿದವು

ವೆಸ್ಟರ್ನ್ ಬ್ಲಾಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಮಾನ್ಯವಾಗಿ ಪ್ರೋಟೀನನ್ನು ಬಿಚ್ಚಿ, ಗಾತ್ರದ ಪ್ರಕಾರ ಜೆಲ್‌ನಲ್ಲಿ ಓಡಿಸಿ, ಆಮೇಲೆ ಆಂಟಿಬಾಡಿ ಹಾಕುತ್ತೇವೆ. ಇದು ನಮ್ಮದೇ ಪ್ರೋಟೀನಾ, ತುಂಡಾಗಿದೆಯಾ ಅನ್ನುವ ಎರಡು ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ. ಪೊಟೆನ್ಸಿಗೆ ಬೇಡ. ಮತ್ತೆ, ಆಕಾರ ನೋಡುವ ಆಂಟಿಬಾಡಿ ಇಲ್ಲಿ ಅಂಟದಿದ್ದರೆ ಆಂಟಿಬಾಡಿಯನ್ನು ಬೈಯಬೇಡಿ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಫ್ಲೂ ಲಸಿಕೆಯವರದ್ದೇ ಬೇರೆ ಸಂಪ್ರದಾಯ. ಜೆಲ್‌ನಲ್ಲಿ ಆಂಟಿಬಾಡಿ ಕಲಸಿ, ಗುಂಡಿಯಲ್ಲಿ ಲಸಿಕೆ ಹಾಕಿ, ಸುತ್ತ ಹರಡುವ ಉಂಗುರದ ಅಗಲ ಅಳೆಯುತ್ತಾರೆ. ಎಸ್‌ಆರ್‌ಐಡಿ ಅಂತ ಹೆಸರು, 1970ರ ದಶಕದಿಂದ ನಡೆದುಬಂದಿದೆ. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಕೀಟಕೋಶದಲ್ಲಿ ಮಾಡಿದ ರೀಕಾಂಬಿನಂಟ್ ಫ್ಲೂ ಲಸಿಕೆಯಲ್ಲಿ ತಳಿಗೆ 45 ಮೈಕ್ರೋಗ್ರಾಂ ಎಚ್‌ಎ ಎಂಬ ವೈರಸ್ಸಿನ ಹೊರಮೈ ಪ್ರೋಟೀನ್ ಇರುತ್ತದೆ, ಮಾಮೂಲಿ ಡೋಸಿನ ಮೂರು ಪಟ್ಟು. ಎಸ್‌ಆರ್‌ಐಡಿಯ ತೊಡಕು ಅಂದರೆ ತಳಿ ಬದಲಾದಾಗೆಲ್ಲ ಕುರಿಗೆ ಚುಚ್ಚಿ ಹೊಸ ಸೀರಂ ಮಾಡಬೇಕು. ಅದಕ್ಕೆ ವಾರಗಟ್ಟಲೆ ಸಮಯ. ಸಾಂಕ್ರಾಮಿಕದ ಹೊತ್ತಿನಲ್ಲಿ ಅಷ್ಟು ಕಾಯುವುದು ಕಷ್ಟ ಅಲ್ವಾ?

ಲಸಿಕೆಯಲ್ಲಿ ಹಲವು ಪ್ರೋಟೀನುಗಳಿದ್ದರೆ ಬಣ್ಣದ ಮಣಿಗಳ ಮಲ್ಟಿಪ್ಲೆಕ್ಸ್ ಪರೀಕ್ಷೆ ಆಸೆ ಹುಟ್ಟಿಸುತ್ತದೆ. ಒಂಬತ್ತು ಟೈಪ್‌ಗಳ ಎಚ್‌ಪಿವಿ ಲಸಿಕೆಗೆ ಒಂಬತ್ತು ಎಲೈಸಾ ಬದಲು ಒಂದೇ ಓಟ. ಆದರೆ ಹತ್ತಿರದ ಸಂಬಂಧಿ ಟೈಪ್‌ಗಳ ಆಂಟಿಬಾಡಿಗಳು ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗುತ್ತವೆ. ಒಂದು ಮಣಿ ಕೈಕೊಟ್ಟರೆ ಒಂಬತ್ತೂ ಮತ್ತೆ ಓಡಿಸಬೇಕಾಗಬಹುದು. ಸ್ಯಾಂಪಲ್ ತುಂಬ ಕಮ್ಮಿ ಇದ್ದಾಗ ಮಾತ್ರ ನಾನು ಇದಕ್ಕೆ ಕೈ ಹಾಕುತ್ತೇನೆ.

ಇಲಿ ಬೇಕಾ?

ಹಳೆಯ ಕ್ರಮ ಅಂದರೆ ಇಲಿಗಳಿಗೆ ಬೇರೆಬೇರೆ ಪ್ರಮಾಣದಲ್ಲಿ ಲಸಿಕೆ ಚುಚ್ಚಿ, ವಾರಗಳ ನಂತರ ರಕ್ತ ತೆಗೆದು, ಅರ್ಧದಷ್ಟು ಇಲಿಗಳಲ್ಲಿ ಆಂಟಿಬಾಡಿ ಹುಟ್ಟಿಸುವ ಪ್ರಮಾಣ ಲೆಕ್ಕ ಹಾಕುವುದು. ಇಲಿಯಿಂದ ಇಲಿಗೆ ಅಷ್ಟು ವ್ಯತ್ಯಾಸ ಇರುವುದರಿಂದ, ಸ್ವಲ್ಪ ಕೆಟ್ಟ ಬ್ಯಾಚ್ ಅದರೊಳಗೆ ಸಲೀಸಾಗಿ ನುಸುಳಿಹೋಗುತ್ತದೆ. ಪ್ರಾಣಿಬಳಕೆ ತಗ್ಗಿಸಬೇಕೆಂಬ ‘ಮೂರು ಆರ್’ ತತ್ವ 1959ರದ್ದು. ಯುರೋಪಿನ ಫಾರ್ಮಕೋಪಿಯಾ (ಔಷಧಿಗಳ ಗುಣಮಟ್ಟದ ಅಧಿಕೃತ ಪುಸ್ತಕ) ಈಗ 5.2.14 ಎಂಬ ಅಧ್ಯಾಯದಲ್ಲಿ ಪ್ರಾಣಿಯ ಬದಲು ಲ್ಯಾಬ್ ಪರೀಕ್ಷೆಗೆ ಹೋಗುವ ದಾರಿ ಬರೆದಿಟ್ಟಿದೆ. ಅದರ ಒಂದು ಮಾತು ನನಗೆ ತುಂಬ ಹಿಡಿಸಿತು. ಹಳೆಯ ಇಲಿ ಪರೀಕ್ಷೆಯ ಅಂಕಕ್ಕೂ ಹೊಸದರ ಅಂಕಕ್ಕೂ ಒಂದಕ್ಕೊಂದು ಹೊಂದಾಣಿಕೆ ತೋರಿಸಲೇಬೇಕು ಅಂತಿಲ್ಲ. ಅಲುಗಾಡುವ ಅಳತೆಗೋಲಿಗೆ ನೆಟ್ಟಗಿನ ಅಳತೆಗೋಲನ್ನು ಹೋಲಿಸಿದರೆ ಹೊಂದಾಣಿಕೆ ಎಲ್ಲಿಂದ ಬರಬೇಕು?

ಆದರೂ ಇಲಿಯ ಪರವಾಗಿ ಒಂದು ಮಾತು. ಎಲೈಸಾಗೆ ಅಡ್ಜುವಂಟ್, ಅಂದರೆ ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ವಸ್ತು, ಕಾಣುವುದಿಲ್ಲ. ಪ್ರೋಟೀನು ನೂರಕ್ಕೆ ನೂರು ಸರಿಯಿದ್ದು, ಜೊತೆಗಿರುವ ಎಎಸ್01ಬಿಯಂಥ ಅಡ್ಜುವಂಟ್ ಹಾಳಾಗಿದ್ದರೆ ಆಂಟಿಬಾಡಿ ಪರೀಕ್ಷೆ ನಗುನಗುತ್ತಾ ಪಾಸ್ ಅನ್ನುತ್ತದೆ. ಇಲಿ ಬಿಟ್ಟವರು ಅಡ್ಜುವಂಟ್‌ಗೆ ಬೇರೆಯೇ ರಾಸಾಯನಿಕ ಪರೀಕ್ಷೆ ಇಟ್ಟುಕೊಳ್ಳಬೇಕು.

ಅಲ್ಯೂಮಿನಿಯಂ ಎಂಬ ತಲೆನೋವು

ಹೆಪಟೈಟಿಸ್ ಬಿ, ಎಚ್‌ಪಿವಿಯಂಥ ಲಸಿಕೆಗಳಲ್ಲಿ ಪ್ರೋಟೀನು ಅಲ್ಯೂಮಿನಿಯಂ ಲವಣದ ಹರಳುಗಳಿಗೆ ಅಂಟಿಕೊಂಡಿರುತ್ತದೆ. ವಯಲ್ ಅಲುಗಾಡಿಸಿದರೆ ಹಾಲಿನಂತೆ, ಬಿಟ್ಟರೆ ತಳದಲ್ಲಿ ಬಿಳಿ ಮಡ್ಡಿ. ಈ ಮಡ್ಡಿಯಲ್ಲಿ ಎಲೈಸಾ ಹೇಗೆ ಮಾಡುವುದು?

ಒಂದು ದಾರಿ ಪ್ರೋಟೀನನ್ನು ಬಿಡಿಸುವುದು. ಫಾಸ್ಫೇಟ್, ಸಿಟ್ರೇಟ್, ಸೋಪಿನಂಥ ವಸ್ತು ಹಾಕಿ ನೆನೆಸಿದರೆ ಬಿಡುತ್ತದೆ. ಆದರೆ ಲಸಿಕೆ ಹಳೆಯದಾದಷ್ಟೂ ಹಿಡಿತ ಬಿಗಿ. ಹೊಸ ಬ್ಯಾಚ್‌ನಿಂದ ಬಹುಪಾಲು ಬಿಟ್ಟರೆ ಎರಡು ವರ್ಷದ ಬ್ಯಾಚ್‌ನಿಂದ ಕಡಿಮೆ ಬಿಡಬಹುದು. ಆಗ ಕಾಣುವ ಇಳಿಕೆ ಲಸಿಕೆ ಕೆಟ್ಟಿದ್ದರಿಂದಲೋ, ಬಿಡಿಸಲು ಆಗದ್ದರಿಂದಲೋ? ಅದಕ್ಕೆ ಬಿಟ್ಟದ್ದೆಷ್ಟು ಅಂತ ಬೇರೆಯಾಗಿ ಅಳೆಯಲೇಬೇಕು. ಬಿಡಿಸುವ ದ್ರಾವಣವೇ ಎಪಿಟೋಪ್ ಕೆಡಿಸಲಿಲ್ಲ ಅಂತಲೂ ತೋರಿಸಬೇಕು.

ಇನ್ನೊಂದು ದಾರಿ ಹರಳಿನ ಮೇಲೇ ಅಳೆಯುವುದು. ಮೇಲೆ ಹೇಳಿದ ಪೈಪೋಟಿ ಎಲೈಸಾ ಇಲ್ಲಿ ಬೆಳಗುತ್ತದೆ. ಮಡ್ಡಿ ಸಮೇತ ಲಸಿಕೆಗೆ ಆಂಟಿಬಾಡಿ ಹಾಕಿ, ನಿಧಾನಕ್ಕೆ ತಿರುಗಿಸುತ್ತಾ ಇಡಿ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಹರಳು, ಪ್ರೋಟೀನು, ಅಂಟಿದ ಆಂಟಿಬಾಡಿ ಎಲ್ಲ ತಳಕ್ಕೆ. ಮೇಲಿನ ತಿಳಿಯಲ್ಲಿ ಉಳಿದ ಆಂಟಿಬಾಡಿಯನ್ನು ಅಳೆದರೆ ಆಯಿತು. ಪ್ರೋಟೀನನ್ನು ಎಬ್ಬಿಸುವ ಗೋಜೇ ಇಲ್ಲ. ದೇಹ ಕಾಣುವುದಕ್ಕೂ ಇದು ಹೆಚ್ಚು ಹತ್ತಿರ. ಎಚ್ಚರ ವಹಿಸಬೇಕಾದದ್ದು ಒಂದೇ: ಬರೀ ಹರಳಿಗೂ ಆಂಟಿಬಾಡಿ ಸ್ವಲ್ಪ ಅಂಟುತ್ತದೆ. ಪ್ರೋಟೀನಿಲ್ಲದ ಅಡ್ಜುವಂಟ್ ಟ್ಯೂಬ್ ಒಂದನ್ನು ಪ್ರತಿ ಸಲ ಜೊತೆಗೆ ಓಡಿಸಿ. ಬಿಡಿಸುವ ದಾರಿ ಮತ್ತು ಇದು, ಎರಡರಲ್ಲಿ ನನ್ನ ಓಟು ಇದಕ್ಕೇ.

ಅಂಕ ಓದುವುದು

ಯಾವ ವಿಧಾನವಾದರೂ ಉತ್ತರ ರೆಫರೆನ್ಸ್ ಲಸಿಕೆಗೆ ಹೋಲಿಸಿಯೇ ಬರುತ್ತದೆ. ರೆಫರೆನ್ಸ್‌ನ ಗೆರೆ ಮಧ್ಯಕ್ಕೆ ಬರಲು ಮಿಲಿಲೀಟರಿಗೆ 50 ನ್ಯಾನೋಗ್ರಾಂ ಸಾಕು, ನಿಮ್ಮ ಬ್ಯಾಚಿಗೆ 62.5 ಬೇಕು ಅಂದರೆ ಅದರ ಪೊಟೆನ್ಸಿ 0.8. ಆದರೆ ಇದು ಎರಡೂ ಗೆರೆಗಳು ಒಂದೇ ಆಕಾರದಲ್ಲಿ ಅಕ್ಕಪಕ್ಕ ಓಡಿದರೆ ಮಾತ್ರ. ನಿಮ್ಮ ಬ್ಯಾಚಿನ ಗೆರೆ ಮೇಲಿನ ಮಿತಿಯನ್ನು ಮುಟ್ಟದೆ ಕೆಳಗೇ ಚಪ್ಪಟೆಯಾದರೆ ಅದು 0.8 ಅಲ್ಲ, ಬೇರೆಯೇ ವಸ್ತು. ಸಾಫ್ಟ್‌ವೇರ್ ಆಗಲೂ ಒಂದು ಅಂಕ ಕೊಡುತ್ತದೆ, ಅದನ್ನು ಬರೆದುಕೊಳ್ಳಬೇಡಿ.

ಒಂದು ಓಟದ ಏರುಪೇರು 15 ಶೇಕಡಾ ಇದ್ದರೆ ನಾಲ್ಕು ಓಟಗಳ ಸರಾಸರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ. ಆದರೆ ಅವು ನಿಜವಾಗಿ ಬೇರೆಬೇರೆ ಓಟಗಳಾಗಿರಬೇಕು. ಒಂದೇ ತೆಳುಪನ್ನು ನಾಲ್ಕು ಗುಂಡಿಗೆ ಹಾಕಿದರೆ ಪಿಪೆಟ್ ತಪ್ಪು ನಾಲ್ಕರಲ್ಲೂ ಅದೇ ಇರುತ್ತದೆ.

ನಾನಾಗಿದ್ದರೆ

ಕಣದ ಲಸಿಕೆ, ಒಳ್ಳೆಯ ಮೋನೋಕ್ಲೋನಲ್ ಕೈಯಲ್ಲಿದೆ, ಅಲ್ಯೂಮಿನಿಯಂ ಇನ್ನೂ ಸೇರಿಸಿಲ್ಲ ಅಂದರೆ ಕಣ್ಣು ಮುಚ್ಚಿ ಸ್ಯಾಂಡ್‌ವಿಚ್ ಎಲೈಸಾ. ಅಲ್ಯೂಮಿನಿಯಂ ಸೇರಿದ ಮೇಲೆ ಪೈಪೋಟಿ. ಆಕಾರ ಬದಲಿಸುವ ಚಾಳಿಯ ಪ್ರೋಟೀನಾದರೆ ಎರಡು ಆಂಟಿಬಾಡಿ ಇಡುತ್ತೇನೆ. ಎರಡೂ ಆಕಾರಕ್ಕೆ ಅಂಟುವುದೊಂದು ಒಟ್ಟು ಎಷ್ಟಿದೆ ಅಂತ ಹೇಳಲು, ಸರಿಯಾದ ಆಕಾರಕ್ಕಷ್ಟೇ ಅಂಟುವುದೊಂದು ಅದರಲ್ಲಿ ಎಷ್ಟು ಸರಿಯಿದೆ ಅಂತ ಹೇಳಲು. ಮೊದಲು ಹೇಳಿದ ಪಾಲಿವಿಜುಮ್ಯಾಬ್‌ಗೂ ಹೀಗೆ ಕೆಲಸ ಸಿಕ್ಕಿತು ನೋಡಿ. ಪ್ರೋಟೀನ್ ಇನ್ನೂ ವಿನ್ಯಾಸದ ಹಂತದಲ್ಲಿದ್ದರೆ ಎಸ್‌ಪಿಆರ್ ಇರುವ ಲ್ಯಾಬ್‌ಗೆ ಕಳಿಸಿ ಮಾಡಿಸುತ್ತೇನೆ, ಯಂತ್ರ ಕೊಳ್ಳುವುದಿಲ್ಲ.

ಯಾವುದನ್ನೇ ಆರಿಸಿದರೂ ಬೇಕಂತಲೇ ಕೆಡಿಸಿದ ಆ ಬಿಸಿ ವಯಲ್‌ನ ಒಂದಿಷ್ಟು ಪಾಲನ್ನು ಚಿಕ್ಕ ಚಿಕ್ಕ ಟ್ಯೂಬ್‌ಗಳಲ್ಲಿ ಹಾಕಿ ಡೀಪ್ ಫ್ರೀಜರ್‌ನಲ್ಲಿಟ್ಟಿರುತ್ತೇನೆ. ಪ್ರತಿ ಓಟದಲ್ಲೂ ಒಂದು ಜಾಗ ಅದಕ್ಕೆ. ಅದು ಫೇಲ್ ಆಗದ ದಿನ ಉಳಿದ ಯಾವ ಬ್ಯಾಚೂ ಪಾಸ್ ಅಲ್ಲ, ಓಟವನ್ನೇ ಮತ್ತೆ ಮಾಡಬೇಕು.